ಕಾರಣ: ಗೊತ್ತಿಲ್ಲ

ಮಾರ್ಚ್ 3, ಸೋಮವಾರ. ಸಂಜೆ

ಬೈಂಡಿಂಗ್ ಅಂಗಡಿಯಲ್ಲಿ ಇವತ್ತು ನಲವತ್ತು ಪುಸ್ತಕ ಹೊಲಿದಾಯಿತು. ಒಂದೊಂದರಲ್ಲಿ ಹನ್ನೆರಡು ಫಾರಂ, ಅಂದರೆ ಮಡಚಿದ ಹಾಳೆ, ಫಾರಂಗೆ ಹದಿನಾರು ಪುಟ. ಬೆರಳಿಗೆಲ್ಲ ಅಂಟು. ಪೆನ್ನು ಹಿಡಿದರೆ ಬಿಡಿಸಿಕೊಳ್ಳುವುದು ಕಷ್ಟ.

ಮಧ್ಯಾಹ್ನ ಮೇಸ್ತ್ರಿ ಬೈದರು. ಒಂದು ಪುಸ್ತಕದಲ್ಲಿ ಏಳನೇ ಫಾರಂ ಎರಡು ಸಲ ಬಂದಿದೆ, ಎಂಟನೆಯದು ಇಲ್ಲವೇ ಇಲ್ಲ. “ಮೂಕಣ್ಣ, ಮನಸ್ಸು ಎಲ್ಲಿಟ್ಟು ಬಂದಿದ್ದೀಯಾ?” ಉತ್ತರ ಕೊಡಲಿಲ್ಲ. ಯಾವತ್ತು ಕೊಟ್ಟಿದ್ದೇನೆ?

ಮನಸ್ಸು ಅಂಗಿಯ ಕಿಸೆಯಲ್ಲಿತ್ತು. ಎರಡನೇ ರಿಪೋರ್ಟ್. ಆರು ತಿಂಗಳ ಹಿಂದೆ ಬಂದದ್ದರಲ್ಲಿ ಏನಿತ್ತೋ ಇದರಲ್ಲೂ ಅದೇ. ವೀರ್ಯಾಣು — ಸೊನ್ನೆ. ಕಡಿಮೆ ಅಂತಲ್ಲ. ಸೊನ್ನೆ.

ಹೆಂಡತಿ ಡ್ಯೂಟಿ ಮುಗಿಸಿ ಬಂದಳು. ಕಂಡಕ್ಟರ್ ಚೀಲವನ್ನು ಗೂಟಕ್ಕೆ ಹಾಕಿ ರಿಪೋರ್ಟ್ ಕೇಳಿದಳು. ಓದಿ ಮಡಚಿದಳು.

“ಎರಡು ಸೊನ್ನೆ ಕೂಡಿಸಿದ್ರೂ ಒಂದೇ ಸೊನ್ನೆ ಕಣ್ರೀ. ಹೊಸದಾಗಿ ಏನೂ ಕಳ್ಕೊಂಡಿಲ್ಲ ನಾವು. ನಾಳೆ ರಜೆ ಹಾಕಿದ್ದೀನಿ. ನನ್ನ ಬಸ್ಸಲ್ಲಿ ಬರೋ ನರ್ಸ್ ಹೇಳ್ತಿದ್ರು, ದೊಡ್ಡಾಸ್ಪತ್ರೇಲಿ ಏನೋ ಹೊಸ ಪ್ರಯೋಗ ಶುರುವಾಗಿದೆಯಂತೆ. ನಿಮ್ಮಂಥವರಿಗೇ.”

ನಿಮ್ಮಂಥವರಿಗೇ ಎಂದದ್ದನ್ನು ಮೆತ್ತಗೆ ಹೇಳಿದಳು. ಅವಳಿಗೆ ಮೆತ್ತಗೆ ಮಾತಾಡಲು ಬರುವುದು ನನ್ನ ಹತ್ತಿರ ಮಾತ್ರ.

ಮಾರ್ಚ್ 4, ಮಂಗಳವಾರ

ಹೋಗಿ ಬಂದೆವು. ಎಲ್ಲ ಕೆಡಿಸಿ ಬಂದೆ.

ಕೌಂಟರಿನಾಕೆ “ಫಾರಂ ತುಂಬಿಸಿ” ಎಂದು ಕೊಟ್ಟರು. ದಿನಕ್ಕೆ ಐನೂರು ಫಾರಂ ಮಡಚುವ ಕೈ. ಈ ಒಂದು ಹಾಳೆಯನ್ನು ಎರಡು ಸಲ ಮಡಚಿ ಬಿಚ್ಚಿತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಿಜ, ಆದರೆ ಓದುವುದಕ್ಕೆ ತೊಂದರೆ ಇರಲಿಲ್ಲ — ಹೊಲಿಯುವ ಪುಸ್ತಕಗಳನ್ನೆಲ್ಲ ಓದಿಯೇ ಹೊಲಿಯುತ್ತೇನೆ. ತೊಂದರೆ ಒಂದು ಸಾಲಿನದು. ‘ಹಿಂದೆ ಆದ ಕಾಯಿಲೆಗಳು.’ ಅಲ್ಲಿ ಗೀಟು ಎಳೆದೆ. ಕೆಳಗೆ ‘ಸಮಸ್ಯೆಗೆ ಕಾರಣ’ ಎಂದಿತ್ತು. ‘ಗೊತ್ತಿಲ್ಲ’ ಎಂದು ಬರೆದೆ.

ಡಾಕ್ಟರಮ್ಮ ಒಳ್ಳೆಯವರು. ಚಿತ್ರ ಬರೆದು ತೋರಿಸಿದರು. ಹೊರಗೆ ಬರುವುದರಲ್ಲಿ ಸೊನ್ನೆ ಇದ್ದರೂ ಒಳಗೆ ಎಲ್ಲೋ ಒಂದು ಮೂಲೆಯಲ್ಲಿ ನಾಲ್ಕಾರು ಹುಟ್ಟುತ್ತಿರಬಹುದಂತೆ. ಆಪರೇಷನ್ ಮಾಡಿ ಅಲ್ಲಿಂದ ಚೂರು ತೆಗೆಯುತ್ತಾರೆ. ಇದುವರೆಗೆ ಅದನ್ನು ಮನುಷ್ಯರು ಸೂಕ್ಷ್ಮದರ್ಶಕದಲ್ಲಿ ಗಂಟೆಗಟ್ಟಲೆ ಹುಡುಕುತ್ತಿದ್ದರು, ಕಣ್ಣು ಸೋಲುತ್ತಿತ್ತು. ಹೊಸ ಪ್ರಯೋಗದಲ್ಲಿ ಅದನ್ನು ದ್ರವದಲ್ಲಿ ಬಿಡಿಸಿ, ಕೂದಲಿನಷ್ಟು ಸಣ್ಣ ಕಾಲುವೆಯಲ್ಲಿ ಹರಿಸುತ್ತಾರೆ. ಕ್ಯಾಮರಾ ಲಕ್ಷಗಟ್ಟಲೆ ಚಿತ್ರ ತೆಗೆಯುತ್ತದೆ. ಕಂಪ್ಯೂಟರ್ ಹುಡುಕುತ್ತದೆ. ಸಿಕ್ಕ ಒಂದೊಂದನ್ನೂ ಹೆಂಡತಿಯ ಒಂದೊಂದು ಅಂಡಾಣುವಿಗೆ ಸೂಜಿಯಿಂದ ಸೇರಿಸುತ್ತಾರೆ.

“ಆದ್ರೆ ಈ ಸುತ್ತಿಗೆ ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಹೀಗಾದವರನ್ನ ಮಾತ್ರ ತಗೋತಿದ್ದೀವಿ. ಕಾರಣ ಗೊತ್ತಿಲ್ಲದವರು ಮುಂದಿನ ಸುತ್ತಿಗೆ. ಅದು ಯಾವಾಗ ಅಂತ ನಾನು ಹೇಳಲಾರೆ.” ಫಾರಂ ನೋಡಿದರು. ನನ್ನನ್ನು ನೋಡಿದರು. “ವಯಸ್ಸಿಗೆ ಬಂದಮೇಲೆ ಮಂಗನಬಾವು ಏನಾದ್ರೂ ಆಗಿತ್ತಾ?”

ಪಕ್ಕದಲ್ಲಿ ಅವಳು. ಹಿಂದೆ ಕಲಿಯಲು ಬಂದ ನಾಲ್ಕು ಜನ, ಕೈಯಲ್ಲಿ ಪುಸ್ತಕ.

ತಲೆ ಅಲ್ಲಾಡಿಸಿದೆ. ಇಲ್ಲ ಎಂದು.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಅಮ್ಮ ಅವಳಿಗೆ ಪುಡಿ ಕಲಸಿ ಕೊಟ್ಟಳು. ಯಾರೋ ಹೇಳಿದ ಬೇರಿನ ಪುಡಿ. ದಿನಾ ಬರಿಹೊಟ್ಟೆಗೆ. “ಕುಡಿಯೇ, ಮುಖ ಸಿಂಡರಿಸಬೇಡ. ಆ ಬಸ್ಸಲ್ಲಿ ದಿನವಿಡೀ ಕುಲುಕಾಡಿ ಕುಲುಕಾಡಿ ಒಳಗೆಲ್ಲ ಸಡಿಲ ಆಗಿದೆ ನಿಂಗೆ.”

ಅವಳು ಒಂದೇ ಗುಟುಕಿಗೆ ಕುಡಿದು ಲೋಟ ಕವುಚಿಟ್ಟು ಡ್ಯೂಟಿಗೆ ಹೋದಳು.

ಮೊದಲ ರಿಪೋರ್ಟ್ ಬಂದ ದಿನವೇ ಹೇಳಿದ್ದಳು — “ಅತ್ತೆಗೆ ಹೇಳೋದು ಬೇಡ. ನೀವು ಕುಗ್ಗಿಹೋಗ್ತೀರಿ. ಅವರು ಅನ್ನೋದನ್ನ ನಾನು ಅನ್ನಿಸ್ಕೋತೀನಿ, ನನಗೇನು, ಬಸ್ಸಲ್ಲಿ ದಿನಾ ನೂರು ಜನರ ಹತ್ರ ಅನ್ನಿಸ್ಕೋತೀನಿ.” ಆರು ತಿಂಗಳಿಂದ ನನ್ನ ಕಹಿಯನ್ನು ಅವಳು ಕುಡಿಯುತ್ತಿದ್ದಾಳೆ. ನಾನು ನೋಡುತ್ತಿದ್ದೇನೆ.

ಸಂಜೆ ಅವಳು ಬಟ್ಟೆ ಒಣಹಾಕುತ್ತಿದ್ದಾಗ ಹೇಳಿಬಿಟ್ಟೆ. ಹದಿನಾಲ್ಕನೇ ವಯಸ್ಸು. ಬೈಂಡಿಂಗ್ ಕೆಲಸಕ್ಕೆ ಸೇರಿ ಎರಡು ವರ್ಷ. ಮೊದಲು ಕೆನ್ನೆ ಊದಿತು. ವಾರದಲ್ಲಿ ಬಾವು ಕೆಳಗೆ ಬೀಜಗಳಿಗೆ ಇಳಿಯಿತು. ಕಾಲು ಅಗಲಿಸಿ ನಡೆಯುತ್ತಿದ್ದೆ. ಆಗ ಇನ್ನೂ ಮೇಸ್ತ್ರಿ ಆಗಿರದ ಈಗಿನ ಮೇಸ್ತ್ರಿ ನನ್ನ ನಡಿಗೆಯನ್ನು ಎಲ್ಲರ ಮುಂದೆ ನಡೆದು ತೋರಿಸಿದರು. ಒಂದು ವರ್ಷ ನನ್ನ ಹೆಸರು ಮಂಗ. ಉತ್ತರ ಕೊಡುವುದನ್ನು ಅಂದೇ ಬಿಟ್ಟೆ. ಆಮೇಲೆ ಮೂಕಣ್ಣ ಆದೆ.

ಅವಳ ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ನೀರು ಪಾದಕ್ಕೆ ತೊಟ್ಟಿಕ್ಕುತ್ತಿತ್ತು.

“ಮುಖ ನೋಡಿ ಟಿಕೆಟ್ ಇಲ್ಲದೋರ್ನ ಹಿಡೀತೀನಿ ನಾನು. ಮನೇಲಿರೋರ್ನ ಹಿಡಿಯೋಕೆ ಆಗ್ಲಿಲ್ಲ ನೋಡಿ.” ಆಮೇಲೆ — “ಪ್ರಯೋಗದ ಪಟ್ಟಿ ಯಾವಾಗ ಮುಚ್ತಾರೆ?”

“ಸೋಮವಾರ.”

“ನಿಮ್ಮ ಬಾಯಿಂದ ನೀವೇ ಹೋಗಿ ಹೇಳಿ. ನಾನು ಬರಲ್ಲ. ನಾನು ಬಂದ್ರೆ ನಾನೇ ಹೇಳಿಬಿಡ್ತೀನಿ.”

ಮಾರ್ಚ್ 7, ಶುಕ್ರವಾರ

ಮೇಸ್ತ್ರಿ ಹತ್ತಿರ ಅರ್ಧ ದಿನ ರಜೆ ಕೇಳಿದೆ. ಯಾಕೆ ಅಂದರು. ಹಲ್ಲುನೋವು ಎಂದೆ.

ಕೌಂಟರ್ ಮುಂದೆ ಸಾಲು. ನನ್ನ ಹಿಂದೆ ಹತ್ತು ಜನ ಇದ್ದರೇನೋ. ಫಾರಂ ತಿದ್ದಬೇಕು ಎಂದೆ. “ಏನು ತಿದ್ದಬೇಕು?” ಹೇಳಿದೆ. “ಜೋರಾಗಿ ಹೇಳಿ, ಫ್ಯಾನ್ ಸದ್ದು.” ಮತ್ತೆ ಹೇಳಿದೆ. “ಕೇಳಿಸ್ತಿಲ್ಲಪ್ಪ.”

“ಮಂಗನಬಾವು!”

ಎಷ್ಟು ಜೋರಾಗಿ ಬಂತೆಂದರೆ, ಮೂಲೆಯಲ್ಲಿ ನೆಲ ಒರೆಸುತ್ತಿದ್ದವರೂ ತಿರುಗಿದರು. ಈಗ ನಗುತ್ತಾರೆ ಎಂದು ಕಾದೆ. ಯಾರೂ ನಗಲಿಲ್ಲ. ಕೌಂಟರಿನಾಕೆ ತಲೆ ಎತ್ತದೆ ಕೇಳಿದರು — “ಎಷ್ಟನೇ ವಯಸ್ಸಲ್ಲಿ?” ಬರೆದುಕೊಂಡರು. “ಮುಂದಿನವರು ಬನ್ನಿ.”

ಇಷ್ಟೇನಾ? ಹದಿನಾಲ್ಕು ವರ್ಷ ಇಷ್ಟಕ್ಕೇನಾ?

ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಅವರಿಗೆ ಮೊನ್ನೆಯೇ ಅನುಮಾನ ಇತ್ತಂತೆ. ಮಂಗನಬಾವು ಎಲ್ಲವನ್ನೂ ಒಂದೇ ಸಮ ಸುಡುವುದಿಲ್ಲ, ಅಲ್ಲಲ್ಲಿ ಹಸಿರು ಉಳಿದಿರುತ್ತದೆ ಎಂದರು. ಆ ಮಾತು ಹಿಡಿಸಿತು. ಆದರೆ ಒಂದು ತೊಡಕು. ಆಗಿನ ಚೀಟಿ, ಕಾಗದ ಏನೂ ಇಲ್ಲ. ಬರೀ ಬಾಯಿಮಾತಿನ ಮೇಲೆ ಪ್ರಯೋಗಕ್ಕೆ ಸೇರಿಸಲು ಸಮಿತಿ ಒಪ್ಪುವುದಿಲ್ಲ. “ಆಗ ನಿಮ್ಮನ್ನ ನೋಡಿಕೊಂಡವರು ಯಾರಾದ್ರೂ ಇದ್ದಾರಾ? ಅವರು ಬಂದು ಹೇಳಿಕೆ ಕೊಡಲಿ. ಸೋಮವಾರ ಹನ್ನೊಂದರ ಒಳಗೆ.”

ನೋಡಿಕೊಂಡವಳು ಒಬ್ಬಳೇ. ಅಮ್ಮ.

ಮಾರ್ಚ್ 8, ಶನಿವಾರ

ಹೇಳಲಾಗಲಿಲ್ಲ. ಅಮ್ಮನ ಎದುರು ಮೂರು ಸಲ ಕೂತೆ. ಮೂರು ಸಲವೂ ಚಹಾ ಬೇಕಾ ಎಂದು ಕೇಳಿದಳು. ಮೂರು ಚಹಾ ಕುಡಿದೆ.

ಮಾರ್ಚ್ 9, ಭಾನುವಾರ

ಬೆಳಿಗ್ಗೆ ಒಂದು ಚೀಟಿ ಬರೆದೆ. ಬಾಯಿಂದ ಬಾರದ್ದು ಕೈಯಿಂದ ಬರುತ್ತದೆ ನನಗೆ. ಅಮ್ಮನ ಕೈಚೀಲದಲ್ಲಿಟ್ಟು ಹೊರಗೆ ಹೋದೆ. ರಸ್ತೆ ತಿರುವಿನವರೆಗೆ ಹಗುರಾಗಿ ನಡೆದೆ. ತಿರುವಿನಲ್ಲಿ ಹೊಳೆಯಿತು — ಅಮ್ಮನಿಗೆ ಓದು ಬರುವುದಿಲ್ಲ.

ಬಸ್ಸಿನ ನಂಬರ್ ಬಿಟ್ಟರೆ ಒಂದಕ್ಷರ ಬಾರದು. ಇಪ್ಪತ್ತೆಂಟು ವರ್ಷದಿಂದ ಗೊತ್ತಿರುವ ಸಂಗತಿ. ಓಡಿ ವಾಪಸ್ ಬಂದೆ.

ತಡವಾಗಿತ್ತು. ಅಮ್ಮ ಚೀಟಿಯನ್ನು ಅವಳ ಕೈಗೇ ಕೊಟ್ಟಿದ್ದಳು. “ಇದೇನೋ ನನ್ನ ಚೀಲದಲ್ಲಿದೆ, ಓದೇ.” ಹೊಸಿಲಲ್ಲಿ ನಿಂತೆ. ಒಳಗೆ ಅವಳು ಓದುತ್ತಿದ್ದಳು. ಸ್ಟಾಪ್ ಹೆಸರು ಕೂಗುವ ಧ್ವನಿ. ಪಕ್ಕದ ಮನೆಯವರೆಗೆ ಕೇಳುವಂಥದ್ದು.

“ಅಮ್ಮ, ಮಗು ಆಗದೆ ಇರೋದಕ್ಕೆ ಕಾರಣ ನಾನು. ಅವಳಲ್ಲಿ ಏನೂ ದೋಷ ಇಲ್ಲ. ಎರಡು ರಿಪೋರ್ಟ್ ಇವೆ. ನನಗೆ ಆಗಿದ್ದ ಮಂಗನಬಾವು ಕೆಳಗಿಳಿದಿತ್ತಲ್ಲ, ಅದರಿಂದ. ನೀನು ಬಂದು ಡಾಕ್ಟರಿಗೆ ಹೇಳಿದರೆ ಒಂದು ದಾರಿ ಇದೆ. ಅವಳಿಗೆ ಇನ್ನು ಪುಡಿ ಕೊಡಬೇಡ.”

ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು. ಎರಡನೇ ಸಲ ಧ್ವನಿ ಒಡೆಯಿತು.

ಅಮ್ಮ ಗೋಡೆಗೆ ಒರಗಿದಳು. ಆಮೇಲೆ ನೆಲ ನೋಡಿಕೊಂಡೇ — “ನಿಂಗೆ ಔಷಧಿ ಕೊಟ್ಟ ಆ ಕಾಂಪೌಂಡರ್ ಆಗಲೇ ಅಂದಿದ್ದ. ಮುಂದೆ ಕಷ್ಟ ಆಗಬಹುದು ಅಂತ. ನಿಮ್ಮಪ್ಪನಿಗೂ ಹೇಳಿರಲಿಲ್ಲ ನಾನು. ಬಾಯಿಬಿಟ್ಟು ಹೇಳದೆ ಇದ್ರೆ ಹಾಗೆ ಆಗೋದೇ ಇಲ್ಲ ಅಂದ್ಕೊಂಡೆ.”

ಅಮ್ಮನೇ ಎದ್ದಳು. “ಎಲ್ಲಿಟ್ಟಿದ್ದೀಯೇ ಆ ಪುಡಿ ಡಬ್ಬಿ? ಎಸೀತೀನಿ.”

ಅವಳು ಕಣ್ಣೊರೆಸಿಕೊಂಡಳು. “ಎಸೆಯೋಕೆ ಮುಂಚೆ ನೀವೂ ಒಂದು ಚಮಚ ಕುಡೀರಿ ಅತ್ತೆ.”

ಅಮ್ಮ ಅವಳನ್ನೇ ದಿಟ್ಟಿಸಿದಳು. ಡಬ್ಬಿ ತೆಗೆದಳು. ನೀರಿಗೆ ಕಲಸಿದಳು. ಕುಡಿದಳು.

“ಥೂ! ಇಷ್ಟು ಕಹೀನಾ? ಹೇಳೋಕಾಗ್ತಿರಲಿಲ್ವೇನೇ ನಿಂಗೆ?”

ಇಬ್ಬರೂ ನಕ್ಕರು. ಮೊದಲು ಅವಳು, ಆಮೇಲೆ ಅಮ್ಮ. ನಾನು ಇನ್ನೂ ಹೊಸಿಲಲ್ಲೇ ಇದ್ದೆ, ಚಪ್ಪಲಿ ಬಿಡದೆ.

ಮಾರ್ಚ್ 10, ಸೋಮವಾರ

ಅಮ್ಮ ಹೇಳಿಕೆ ಕೊಟ್ಟಳು. ಕಲಿಯುವ ನಾಲ್ಕು ಜನ ಹಿಂದೆ ನಿಂತಿದ್ದರು. ಅಮ್ಮನಿಗೆ ಅವರ ಕಡೆ ಲಕ್ಷ್ಯವೇ ಇಲ್ಲ. “ಎಡಗಡೆ ಬೀಜ ಮೊದಲು ಊದಿದ್ದು. ಬಲಗಡೇದು ಎರಡು ದಿನ ಬಿಟ್ಟು. ಜ್ವರ ಎಂಟು ದಿನ. ಒದ್ದೆ ಬಟ್ಟೆ ಹಾಕಿ ಹಾಕಿ ನನ್ನ ಬೆರಳು ಮರಗಟ್ಟಿತ್ತು.” ಎಲ್ಲ ನೆನಪಿದೆ ಅವಳಿಗೆ. ಡಾಕ್ಟರಮ್ಮ ಬರೆದಷ್ಟೂ ಹೇಳಿದಳು. ಕೊನೆಗೆ ಹೆಬ್ಬೆಟ್ಟು ಒತ್ತಿದಳು.

‘ಗೊತ್ತಿಲ್ಲ’ ಎಂದು ಬರೆದಿದ್ದನ್ನು ಹೊಡೆದುಹಾಕಿ ನನ್ನ ಸಹಿ ತೆಗೆದುಕೊಂಡರು. ಪಟ್ಟಿಯಲ್ಲಿ ನಾನು ಏಳನೆಯವನು.

ಏಪ್ರಿಲ್ 17, ಗುರುವಾರ

ರಕ್ತ, ಜೀನ್, ಹಾರ್ಮೋನು — ಎಲ್ಲ ಪರೀಕ್ಷೆ ಮುಗಿಯಿತು. ಬರೆಯಲು ಪುರುಸೊತ್ತಿಲ್ಲ.

ಇದು ಪ್ರಯೋಗ, ಮಾತು ಕೊಡಲಾರೆವು ಎಂದು ಮೂರು ಸಲ ಹೇಳಿ, ಮೂರು ಕಡೆ ಸಹಿ ಹಾಕಿಸಿಕೊಂಡರು. ನನಗಿಂತ ಮೊದಲು ಆರು ಜನಕ್ಕೆ ಆಗಿದೆ. ಇಬ್ಬರಿಗೆ ಸಿಕ್ಕಿದೆ. ನಾಲ್ವರಿಗೆ ಇಲ್ಲ.

ಅಂಡಾಣು ಬೆಳೆಯಲು ಅವಳಿಗೆ ದಿನಾ ಹೊಟ್ಟೆಗೆ ಸೂಜಿ. ಇಂದು ಟ್ರಿಪ್ ತಡವಾಗಿ, ಡಿಪೋದಲ್ಲಿ ನಿಂತ ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ತಾನೇ ಚುಚ್ಚಿಕೊಂಡಳಂತೆ. “ಡ್ರೈವರ್ ಕನ್ನಡಿಯಲ್ಲಿ ನೋಡಿ ಗಾಬರಿ ಆದ. ನನ್ನ ಗಂಡನ ಮಗುಗೆ ಕಣಯ್ಯಾ, ಮುಂದೆ ನೋಡು ಅಂದೆ.”

ಏಪ್ರಿಲ್ 24, ಗುರುವಾರ. ಬೆಳಿಗ್ಗೆ 11

ಆಪರೇಷನ್ ಆಯಿತು. ಸೊಂಟದ ಕೆಳಗೆ ಇನ್ನೂ ಮರದ ಹಾಗಿದೆ. ಆರು ಚೂರು ತೆಗೆದರಂತೆ, ಅಕ್ಕಿಕಾಳಿನಷ್ಟು. ಅಂಡಾಣು ತೆಗೆಯುವುದು ನಾಳೆ. ಇಂದು ಸಿಗದಿದ್ದರೆ ನಾಳೆ ಎಂಬುದಿಲ್ಲ.

ಮಧ್ಯಾಹ್ನ 1

ಲ್ಯಾಬಿನ ಕನ್ನಡಕದವರು ಬಂದು ಹೇಳಿದರು: ಮೂರು ಚೂರು ಮುಗಿಯಿತು, ಏನೂ ಇಲ್ಲ. ಕಂಪ್ಯೂಟರ್ ಅನುಮಾನ ಬಂದದ್ದಕ್ಕೆಲ್ಲ ಕೆಂಪು ಚೌಕ ಹಾಕುತ್ತದೆ, ಇವರು ನೋಡಿ ಅಲ್ಲ ಎನ್ನುತ್ತಾರೆ. ಇನ್ನೂರು ಚೌಕ ನೋಡಿದ್ದಾರೆ. ಅಮ್ಮ ಹೊರಗೆ ಕೂತಿದ್ದಾಳೆ. ಅವಳು ನನ್ನ ಹಾಸಿಗೆ ಅಂಚಿನಲ್ಲಿ.

3:20

ಐದು ಮುಗಿಯಿತು. ಇಲ್ಲ.

ಅವಳು ಕಿಟಕಿಗೆ ಮುಖ ಮಾಡಿ ನಿಂತಿದ್ದಾಳೆ. “ಇರಲಿ ಬಿಡು” ಎಂದೆ. “ಆರು ಮುಗೀಲಿ. ಟರ್ಮಿನಸ್ ಬರೋಕೆ ಮುಂಚೆ ಇಳಿಯಲ್ಲ ನಾನು” ಎಂದಳು.

4:50

ಸಿಕ್ಕಿತು

ಸಿಕ್ಕಿತು. ಆರನೇ ಚೂರಿನಲ್ಲಿ. ಒಂದಲ್ಲ. ನಾಲ್ಕು.

ಕನ್ನಡಕದವರು ಓಡಿ ಬಂದರು, ಕೈಗವಸು ಕೂಡ ತೆಗೆದಿರಲಿಲ್ಲ. ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಗಾಜಿನವರೆಗೆ ತಳ್ಳಿಕೊಂಡು ಹೋದರು. ಆಚೆ ಪರದೆ. ಕೆಂಪು ಚೌಕದೊಳಗೆ ಒಂದು ಚುಕ್ಕೆ, ಅದಕ್ಕೊಂದು ಬಾಲ. ಬಾಲ ಬಳುಕುತ್ತಿತ್ತು. ಮೂರು ಅಂಥವು. ನಾಲ್ಕನೆಯದು ಅಲ್ಲಾಡದೆ ಬಿದ್ದಿತ್ತು.

“ಅದು ಸತ್ತಿದೆಯಾ?” ಕೇಳಿದವನು ನಾನೇ. ಅಪರಿಚಿತರ ಹತ್ತಿರ, ನಾನಾಗಿ.

“ಬಾಲ ಮುಟ್ಟಿ ನೋಡ್ತೀವಿ. ಸೆಟೆದುಕೊಂಡಿದ್ರೆ ಸತ್ತಿದೆ. ಬಾಗಿ ವಾಪಸ್ ಬಂದ್ರೆ ಬದುಕಿದೆ.” ಒಳಗೆ ಹೋಗಿ ಸೂಜಿಯ ತುದಿಯಿಂದ ಮುಟ್ಟಿದರು. ಬಾಲ ಬಾಗಿತು. ತಾನಾಗಿ ನೇರವಾಯಿತು.

“ಸುಮ್ಮನೆ ಇದೆ ಅಷ್ಟೇ,” ಅವಳು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. “ಮಾತಾಡಲ್ಲ. ನಿಮ್ಮದೇ ಕಣ್ರೀ ಅದು, ಅನುಮಾನವೇ ಇಲ್ಲ!”

ಗಾಜಿನ ಆಚೆ ಅವರೂ ನಗುತ್ತಿದ್ದರು. ನಾನು ಅತ್ತೆ. ಹೊಲಿಗೆ ಎಳೆಯಿತು. ಆದರೂ ಅತ್ತೆ.

ಏಪ್ರಿಲ್ 26, ಶನಿವಾರ

ನಿನ್ನೆ ಅವಳಿಂದ ಐದು ಅಂಡಾಣು ಸಿಕ್ಕಿದವು. ನಾಲ್ಕಕ್ಕೆ ನಾಲ್ಕನ್ನು ಸೇರಿಸಿದರು. ಇವತ್ತು ಫೋನ್: ಎರಡು ಕೂಡಿವೆ.

ಅವಳು ಮಲಗಿದ್ದಾಳೆ. ಅಮ್ಮ ಅವಳ ಕಾಲೊತ್ತುತ್ತಿದ್ದಾಳೆ, ಬೇಡ ಎಂದರೂ ಕೇಳದೆ. ನಾನು ಕುಂಟುತ್ತ ಚಹಾ ಮಾಡಿದೆ.

ಏಪ್ರಿಲ್ 30, ಬುಧವಾರ

ಒಂದು ನಿಂತುಹೋಯಿತು. ಒಂದು ಐದನೇ ದಿನದವರೆಗೆ ಬೆಳೆಯಿತು. ಅದನ್ನು ಒಳಗಿಟ್ಟರು. ಹತ್ತು ನಿಮಿಷದ ಕೆಲಸ. ಪರದೆಯ ಮೇಲೆ ಬಿಳಿ ಕಿಡಿಯಂತೆ ಕಂಡಿತು.

ಮೇ 12, ಸೋಮವಾರ. ಬೆಳಿಗ್ಗೆ

ಹೌದು. ಹೌದು ಹೌದು.

ಮೇ 28, ಬುಧವಾರ

ಹೃದಯ ಬಡಿಯುತ್ತಿದೆ. ಎಷ್ಟು ಬೇಗಬೇಗ! ಅಮ್ಮ ಗಾಬರಿಯಾಗಿ “ಅದಕ್ಕೆ ಯಾಕೆ ಇಷ್ಟು ಅವಸರ?” ಎಂದಳು. “ಇಷ್ಟು ವರ್ಷ ಕಾದಿದೆಯಲ್ಲ ಅಜ್ಜಿ” ಎಂದರು ಡಾಕ್ಟರಮ್ಮ. ಅಜ್ಜಿ ಎನ್ನಿಸಿಕೊಂಡದ್ದಕ್ಕೆ ಅಮ್ಮ ಸೆರಗು ಸರಿಮಾಡಿಕೊಂಡಳು.

ಆಗಸ್ಟ್ 21, ಗುರುವಾರ

ಎಷ್ಟೋ ದಿನವಾಯಿತು ಬರೆದು. ಚೆನ್ನಾಗಿರುವಾಗ ಬರೆಯಲು ನೆನಪಾಗುವುದಿಲ್ಲ. ಅವಳಿಗೆ ಈಗ ಡಿಪೋದ ಆಫೀಸಿನಲ್ಲಿ ಕೂರುವ ಕೆಲಸ. ಕೂಗಲು ಯಾರೂ ಇಲ್ಲವೆಂದು ನನ್ನನ್ನು ಕೂಗುತ್ತಾಳೆ.

ಅಮ್ಮ ಸಿಕ್ಕವರಿಗೆಲ್ಲ ಹೇಳಿದ ಕಥೆ ಬೈಂಡಿಂಗ್ ಅಂಗಡಿಗೂ ತಲುಪಿದೆ. ಇಂದು ಕಟಿಂಗ್ ಮಷಿನ್ ಹತ್ತಿರ ಮೇಸ್ತ್ರಿ ಬಂದು ನಿಂತರು. ಏನೋ ಗೊಣಗಿದರು.

“ಜೋರಾಗಿ ಹೇಳಿ ಮೇಸ್ತ್ರಿ, ಮಷಿನ್ ಸದ್ದು.”

ಸುತ್ತ ನೋಡಿದರು. ಮತ್ತೆ ಗೊಣಗಿದರು. ಮಷಿನ್ ನಿಲ್ಲಿಸಿದೆ.

“ನನ್ನ ಅಳಿಯನಿಗೆ... ನಿನ್ನದೇ ಥರ. ಮಗಳು ದಿನಾ ಅಳ್ತಾಳೆ. ಆ ಆಸ್ಪತ್ರೆ... ಯಾರಿಗೂ ಹೇಳಬೇಡಪ್ಪ.”

ಅಂದು ನನ್ನ ಹಾಗೆ ಕಾಲು ಅಗಲಿಸಿ ನಡೆದವರು. ಒಂದು ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ಒಂದು ಹಾಳೆಯಲ್ಲಿ ಡಾಕ್ಟರಮ್ಮನ ವಿಳಾಸ ಬರೆದುಕೊಟ್ಟೆ. ಕೆಳಗೆ ಸೇರಿಸಿದೆ — ‘ಏನು ಆಗಿತ್ತೋ ಎಲ್ಲವನ್ನೂ ಹೇಳಬೇಕು. ಅಳಿಯಂದಿರೇ ಹೇಳಬೇಕು.’

ಮೇಸ್ತ್ರಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರು. ಹೋಗುವಾಗ, ಹದಿನಾಲ್ಕು ವರ್ಷಗಳ ಮೇಲೆ, ನನ್ನನ್ನು ನನ್ನ ಹೆಸರಿನಿಂದ ಕರೆದರು.

ಜನವರಿ 9, ಶುಕ್ರವಾರ. ಬೆಳಿಗ್ಗೆ 9:40

ಹೆರಿಗೆ ವಾರ್ಡಿನ ಹೊರಗಿನ ಬೆಂಚು. ಆರು ಗಂಟೆಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಅವಳ ಧ್ವನಿ ಇಲ್ಲಿವರೆಗೂ ಕೇಳುತ್ತಿತ್ತು, ನರ್ಸುಗಳಿಗೆ ಆಜ್ಞೆ ಮಾಡುತ್ತಿದ್ದಳು. ಈಗ ಸ್ವಲ್ಪ ಹೊತ್ತಿನಿಂದ ಕೇಳುತ್ತಿಲ್ಲ. ಕೈ ಸುಮ್ಮನಿರಲಿ ಎಂದು ಬರೆಯುತ್ತಿದ್ದೇನೆ.

ಅಮ್ಮ ಸುಮ್ಮನಿಲ್ಲ. ಬೆಂಚಿನ ಮೇಲೆ ಎಂಟು ಜನ, ಎದುರಿಗೆ ನಿಂತವರು ಇನ್ನಷ್ಟು. ಎಲ್ಲರಿಗೂ ಕಥೆ ಹೇಳುತ್ತಿದ್ದಾಳೆ. “ಇವನೇ ನನ್ನ ಮಗ. ಇವನಿಗೆ ಮಂಗನಬಾವು ಕೆಳಗಿಳಿದಿತ್ತು ನೋಡಿ...” ಒಬ್ಬ ಗಂಡಸು ನನ್ನನ್ನು ನೋಡಿ ಮುಖ ತಿರುಗಿಸಿದ. ಇನ್ನೊಬ್ಬ ತಿರುಗಿಸಲಿಲ್ಲ. ಹತ್ತಿರ ಸರಿದು ಕೂತ.

ಅಮ್ಮನ ತೋಳು ಹಿಡಿದು ತಡೆಯಬೇಕೆಂದು ಕೈ ಚಾಚಿದೆ. ಹಾಗೇ ವಾಪಸ್ ತೆಗೆದೆ.

“...ಸೊನ್ನೆ ಅಂದ್ರು. ಸೊನ್ನೆ! ಆಮೇಲೆ ಏನೋ ಮಷಿನ್ ಇಟ್ಟು, ಕೋಟಿ ಚಿತ್ರ ತೆಗೆದು, ಬೆಳಗಿಂದ ಸಂಜೆವರೆಗೆ ಹುಡುಕಿ ಹುಡುಕಿ, ಕೊನೆಗೆ ಒಂದೇ ಒಂದು ಸಿಕ್ತು ನೋಡಿ...”

“ಒಂದಲ್ಲಮ್ಮ!” ಎಂದೆ. ಎಲ್ಲರೂ ತಿರುಗಿದರು. ನಾನು ಎದ್ದು ನಿಂತಿದ್ದೆ. “ನಾಲ್ಕು!”

ಯಾರೋ ನಕ್ಕರು. ಒಳ್ಳೆಯ ನಗು. ಹತ್ತಿರ ಕೂತವನು ಮೆಲ್ಲಗೆ ಕೇಳಿದ, “ಅಣ್ಣ, ಯಾವ ಡಾಕ್ಟರ್?” ಈ ಪುಸ್ತಕದ ಕೊನೆಯ ಹಾಳೆ ಹರಿದು ವಿಳಾಸ ಬರೆಯುತ್ತಿದ್ದೆ, ಅಷ್ಟರಲ್ಲಿ ಬಾಗಿಲು ತೆರೆಯಿತು. ನರ್ಸ್. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗು. ಒಳಗಿನಿಂದ ಅವಳ ಧ್ವನಿ ಮತ್ತೆ ಕೇಳುತ್ತಿದೆ, ನನ್ನನ್ನೇ ಕೂಗುತ್ತಿದ್ದಾಳೆ.